ಸ್ಟುಟ್‌ಗಾರ್ಟಿನ ಖಾಲಿ ಮನೆಗೆ 700 ಯೂರೋದಲ್ಲಿ ಅಡುಗೆಮನೆ

ಅಡುಗೆಮನೆ ಇಲ್ಲದ ಮನೆ ಹಿಡಿದೆ ಅಂದಾಗ ಇಲ್ಲಿನ ಗೆಳೆಯರೆಲ್ಲ ಬೈದರು. "ಸಿಂಕೂ ಇಲ್ಲ, ಒಲೆಯೂ ಇಲ್ಲ. ಮೂರು ಸಾವಿರ ಯೂರೋ ಹೋಯ್ತು ಅಂದ್ಕೋ" ಅಂದರು. ನನಗೆ ಎಲ್ಲ ಸೇರಿ ಸುಮಾರು 700 ಆಯಿತು. ಎರಡು ವರ್ಷದಿಂದ ಅದೇ ಕಟ್ಟೆಯ ಮೇಲೆ ದಿನಾ ಅಡುಗೆ ನಡೆಯುತ್ತಿದೆ.

ದೀಪ ಇಲ್ಲದೆ ಚಾವಣಿಯಿಂದ ನೇತಾಡುವ ವೈರು, ಮೂರು ತಿಂಗಳ ಬಾಡಿಗೆಯಷ್ಟು ಡಿಪಾಸಿಟ್, ಇದೆಲ್ಲ ಜರ್ಮನಿಯಲ್ಲಿ ಮನೆ ಹುಡುಕಿದವರಿಗೆ ಗೊತ್ತೇ ಇದೆ. ಒಂದು ಮಾತು ಮಾತ್ರ ಹೇಳುತ್ತೇನೆ. ಡಿಪಾಸಿಟ್ಟನ್ನು ಮೂರು ಕಂತಿನಲ್ಲಿ ಕೊಡಲು ಕಾನೂನಿನಲ್ಲೇ ಅವಕಾಶ ಇದೆ. ನಾನು ಹಾಗೇ ಕೊಟ್ಟೆ. ಸಾಮಾನಿಗೆ ಕೈಯಲ್ಲಿ ದುಡ್ಡು ಉಳಿದದ್ದು ಅದರಿಂದಲೇ.

ಹಳೆ ಸಾಮಾನು ಮಾರುವ ಕ್ಲೈನ್‌ಆನ್‌ಸೈಗೆನ್ ವೆಬ್‌ಸೈಟಿನಲ್ಲಿ ಕಪಾಟು, ಸಿಂಕ್, ಒಲೆ, ಅವನ್ ಎಲ್ಲ ಸೇರಿ 250ಕ್ಕೆ ಸಿಕ್ಕಿತು. ನಮ್ಮ ಗೋಡೆ 2 ಮೀಟರ್ 70, ಮಾರಿದವರ ಕಟ್ಟೆ 2 ಮೀಟರ್ 40. ಕಣ್ಣುಮುಚ್ಚಿ ತಂದೆ. ಮನೆಗೆ ಬಂದು ನೋಡಿದರೆ ಅವರ ಸಿಂಕ್ ಎಡಕ್ಕೆ, ನಮ್ಮ ಪೈಪು ಬಲಕ್ಕೆ! ಮುಂದಿನ ಅಂಚು ದುಂಡಗಿದ್ದ ಕಾರಣ ಕಟ್ಟೆಯ ಹಲಗೆ ತಿರುಗಿಸುವ ಹಾಗೂ ಇರಲಿಲ್ಲ. ಹೊಸ ಹಲಗೆಗೆ 80 ಕೊಟ್ಟೆ. ಉದ್ದ ಆಮೇಲೆ ಅಳೆಯಿರಿ, ಮೊದಲು ಪೈಪಿನ ಫೋಟೋ ತೆಗೆದುಕೊಳ್ಳಿ.

ಫ್ರಿಜ್ಜಿನ ಕತೆ ಇನ್ನೂ ಬೇಜಾರು. 60 ಕೊಟ್ಟದ್ದನ್ನು ವ್ಯಾನಿನಲ್ಲಿ ಮಲಗಿಸಿ ತಂದು, ಬಂದ ತಕ್ಷಣ ಸ್ವಿಚ್ ಹಾಕಿದೆ. ಮೂರನೇ ದಿನಕ್ಕೆ ಸತ್ತಿತು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಫ್ರಿಜ್ಜಿನ ಪೈಪುಗಳಿಗೆ ಹರಿಯುತ್ತದೆ, ಅಲ್ವಾ? ಎರಡನೆಯದಕ್ಕೆ 70. ನಿಲ್ಲಿಸಿಕೊಂಡೇ ತಂದು, ಒಂದು ರಾತ್ರಿ ಸುಮ್ನೆ ಬಿಟ್ಟೆ. ಇವತ್ತಿಗೂ ಓಡುತ್ತಿದೆ. ವ್ಯಾನಿನ ಬಾಡಿಗೆ ಒಂದು ಅರವತ್ತು ಆಗಿರಬೇಕು. ಒಲೆಯದು ತ್ರೀ ಫೇಸ್ ಲೈನು, ಅದಕ್ಕೆ ಮಾತ್ರ ನಾನು ಕೈ ಹಾಕಲಿಲ್ಲ. ಎಲೆಕ್ಟ್ರಿಷಿಯನ್‌ಗೆ 120 ಹೋಯಿತು. ಅಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಇಷ್ಟು ಕಡಿಮೆಗೆ ಸಿಕ್ಕಿದ್ದು ಹೇಗೆ? ತಿಂಗಳ ಕೊನೆಯ ವಾರ ಹುಡುಕಿ. ಮನೆ ಬಿಡುವವರು ಸಾಮಾನ್ಯವಾಗಿ ಕೀ ಕೊಡುವ ಮೊದಲು ತಮ್ಮ ಅಡುಗೆಮನೆ ಬಿಚ್ಚಿ ಖಾಲಿ ಮಾಡಬೇಕು. ನಾನೇ ಬಿಚ್ಚಿಕೊಂಡು ಹೋಗುತ್ತೇನೆ ಅಂದರೆ ಬೆಲೆ ಅರ್ಧಕ್ಕೂ ಇಳಿಯಬಹುದು. ಯಾವ ಪದ ಹಾಕಿ ಹುಡುಕಿದೆ ಅಂತ ಮಾತ್ರ ಹೇಳುವುದಿಲ್ಲ, ಇನ್ನೂ ವಾಷಿಂಗ್ ಮೆಷಿನ್ ತಗೋಬೇಕು.

ಭಾನುವಾರ ಡ್ರಿಲ್ ಶುರು ಮಾಡಿದ್ದಕ್ಕೆ ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ಬಡಿದರು. ಮುಂದಿನ ವಾರ ಕೇರ್‌ವೋಖೆ ಬೋರ್ಡು ನಮ್ಮ ಬಾಗಿಲಿಗೆ ಬಂತು, ಮೆಟ್ಟಿಲು ಗುಡಿಸುವ ಸರದಿ. ಮೂಲೆ ಮೂಲೆ ಬಿಡದೆ ಗುಡಿಸಿ ಒರೆಸಿದೆ. ಆಮೇಲೆ ಅಜ್ಜಿಯೇ ತಮ್ಮ ಏಣಿ ಕೊಟ್ಟರು.

ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬಿಸುವುದೇ ಒಂದು ಕೆಲಸ. ಹೀಟರ್ ಮೇಲೆ ಇಟ್ಟೆ, ತಳ ಬೆಂದು ಗಟ್ಟಿಯಾಯಿತು. ಹೊದಿಕೆ ಸುತ್ತಿಟ್ಟೆ, ಎರಡು ದಿನವಾದರೂ ಅಲ್ಲಾಡಲಿಲ್ಲ. ಕೊನೆಗೆ ಅವನ್‌ನ ದೀಪ ಒಂದನ್ನೇ ಹಾಕಿ ಒಳಗಿಟ್ಟೆ. ಹನ್ನೆರಡು, ಹದಿನಾಲ್ಕು ಗಂಟೆಗೆ ಪಾತ್ರೆ ತುಂಬ ಬಂತು. ಉದ್ದಿನ ಅಳತೆ ನಮ್ಮಮ್ಮನದು, ಅದನ್ನೂ ಹೇಳುವುದಿಲ್ಲ. ಊರಿಂದ ತಂದ ಕಬ್ಬಿಣದ ಹೆಂಚು ಗಾಜಿನ ಒಲೆಗೆ ನಡೆಯುತ್ತದೆ. ಎಳೆದಾಡದೆ ಎತ್ತಿಡಬೇಕು, ಅಷ್ಟೆ.

ಬೈದವರಲ್ಲೇ ಒಬ್ಬರು ಹೋದ ತಿಂಗಳು ಖಾಲಿ ಮನೆ ಹಿಡಿದಿದ್ದಾರೆ. ಅವರ ಪೈಪು ಎಡಕ್ಕಿದೆ. ನನ್ನ ಹಳೆಯ ಹಲಗೆ ಸೆಲ್ಲಾರಿನಲ್ಲಿ ಹಾಗೇ ಇತ್ತು, ಶನಿವಾರ ಬಂದು ಒಯ್ಯುತ್ತಾರೆ.