ನೂರನಲವತ್ತರಲ್ಲಿ ಹನ್ನೊಂದು ಮಂದಿ ಸಾಕಾದರು

ವಿದ್ಯಾರ್ಥಿವೇತನ ಪಡೆದವರ ಸಂಘವೆಂದರೆ ವರ್ಷಕ್ಕೊಮ್ಮೆ ಸೇರಿ ಫೋಟೊ ತೆಗೆಸಿಕೊಳ್ಳುವುದಷ್ಟೇ, ಅದರಿಂದ ದೇಶ ದಾಟುವ ಕೆಲಸ ಆಗದು ಎಂದು ನನ್ನ ಜೊತೆಯವರೇ ಹೇಳುತ್ತಿದ್ದರು. ಈಗ ಐದನೆಯ ವರ್ಷ. ಹಾವು ಕಡಿತದಿಂದ ಆಗುವ ಸಾವು ತಪ್ಪಿಸುವ ನಮ್ಮ ಕೆಲಸ ನಾಲ್ಕು ದೇಶಗಳಲ್ಲಿ ನಡೆಯುತ್ತಿದೆ.

ಮೊದಲು ಫುಲ್‌ಬ್ರೈಟ್, ಚೀವ್ನಿಂಗ್, ಕಾಮನ್‌ವೆಲ್ತ್ ಎಂದು ವಿದೇಶಿ ವಿದ್ಯಾರ್ಥಿವೇತನ ಪಡೆದ, ಸಿಕ್ಕಿದವರನ್ನೆಲ್ಲ ಸೇರಿಸಿದೆ. ಸುಮಾರು 140 ಮಂದಿಯಾದರು. ಬಡತನ, ಹವಾಮಾನ, ಶಿಕ್ಷಣ ಎಂದು ಎಂಟು ತಿಂಗಳು ಮಾತಾಡಿದೆವು. ಒಂದು ಕೆಲಸವೂ ಆಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಅಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತ್ತು. ಅದೊಂದನ್ನೇ ಹಿಡಿಯೋಣ ಎಂದೆ. ಹನ್ನೊಂದು ಮಂದಿ ಉಳಿದರು. ಅವರಲ್ಲಿ ವೈದ್ಯರು ಇಬ್ಬರೇ.

ಅನುದಾನದ ಅರ್ಜಿ ಎರಡು ಸಲ ತಿರಸ್ಕೃತವಾಯಿತು. ಮೂರನೆಯ ಸಲ ಒಂಬತ್ತು ಸಾವಿರ ಡಾಲರಿನಷ್ಟು ಬಂತು. ಬಂದ ಹಣವನ್ನು ನಾಲ್ಕು ದೇಶಗಳಿಗೆ ಹಂಚಿದ್ದು ತಪ್ಪಾಯಿತು. ಬ್ಯಾಂಕ್ ಶುಲ್ಕ, ವಿನಿಮಯದ ನಷ್ಟ ಸೇರಿ ಆರೇಳು ನೂರು ಡಾಲರ್ ಹೋಯಿತು. ಒಂದು ಕಡೆ ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ನೋಂದಣಿಯೇ ಇರಲಿಲ್ಲ. ಹಣ ಮೂರು ತಿಂಗಳು ಸಿಕ್ಕಿಕೊಂಡಿತು. ಈಗ ನೋಂದಣಿ ಪತ್ರ ಕಣ್ಣಾರೆ ನೋಡದೆ ಯಾರನ್ನೂ ಪಾಲುದಾರರಾಗಿ ಸೇರಿಸಿಕೊಳ್ಳುವುದಿಲ್ಲ.

ಅದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಪೋಸ್ಟರ್. ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ಟಬಾರದು ಎನ್ನಲು, ಹಗ್ಗ ಕಟ್ಟಿದ ಕಾಲನ್ನು ಬರೆಸಿ ಅದರ ಮೇಲೆ ಕೆಂಪು ಗೀಟು ಎಳೆಸಿದ್ದೆವು. ಮೂರು ಸಾವಿರ ಪ್ರತಿ ಅಚ್ಚಾದವು. ಓದು ಬಾರದ ಹೆಂಗಸೊಬ್ಬರು ಅದನ್ನು ಬಹಳ ಹೊತ್ತು ನೋಡಿ, ಹಗ್ಗದ ಮೇಲೆ ಬೆರಳಿಟ್ಟು, "ರಕ್ತ ಬರುತ್ತಿದ್ದರೆ ಇಲ್ಲಿ ಕಟ್ಟಬೇಕು" ಎಂದರು. ಕೆಂಪು ಗೀಟು ಅವರಿಗೆ ಗಾಯವಾಗಿ ಕಂಡಿತ್ತು. ಅಷ್ಟೂ ಪ್ರತಿಗಳನ್ನು ಸುಟ್ಟೆವು. ಈಗ ಮಾಡಬಾರದ್ದನ್ನು ಬರೆಸುವುದೇ ಇಲ್ಲ: ಅಲುಗದಂತೆ ಮಲಗಿದ ಮನುಷ್ಯ, ಹಲಗೆ ಇಟ್ಟು ನೇರ ಮಾಡಿದ ಕಾಲು, ಪಕ್ಕದಲ್ಲಿ ವಾಹನ, ಇಷ್ಟೇ. ಪ್ರತಿ ದೇಶದಲ್ಲೂ ಓದು ಬಾರದ ಹತ್ತು ಮಂದಿಗೆ ತೋರಿಸಿದ ಮೇಲೆಯೇ ಅಚ್ಚಿಗೆ ಕಳುಹಿಸುತ್ತೇವೆ.

ಪೋಸ್ಟರಿನ ಕೆಲಸದ ನಡುವೆ ಇನ್ನೊಂದಕ್ಕೂ ಕೈ ಹಾಕಿದೆವು. ನೇಪಾಳದ ದಮಕ್‌ನಲ್ಲಿ ಹಾವು ಕಚ್ಚಿದವರನ್ನು ಸ್ವಯಂಸೇವಕರು ಬೈಕಿನಲ್ಲಿ ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ಯುವ ವ್ಯವಸ್ಥೆ ಮಾಡಿ ಸಾವು ತಗ್ಗಿಸಿದ್ದರು. ಅದನ್ನು ನೋಡಿ ಎರಡು ಹಳ್ಳಿಗಳಲ್ಲಿ ಬೈಕ್ ಉಳ್ಳವರ ಫೋನ್ ಸಂಖ್ಯೆಗಳನ್ನು ಗೋಡೆಗೆ ಬರೆಸಿದೆವು. ಆದರೆ ವಿಷದ ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ, ಮಲಗಿದವರನ್ನು. ನಾವು ಪರೀಕ್ಷೆಗೆಂದು ರಾತ್ರಿ ಎರಡು ಗಂಟೆಗೆ ಕರೆ ಮಾಡಿದಾಗ ಎಂಟರಲ್ಲಿ ಮೂವರು ಮಾತ್ರ ಎತ್ತಿದರು. ಈಗ ವಾರಕ್ಕೆ ಇಬ್ಬರಂತೆ ಸರದಿ ಇದೆ, ಪೆಟ್ರೋಲ್ ಹಣವನ್ನು ಮುಂಗಡವಾಗಿ ಕೊಡುತ್ತೇವೆ. ಕಳೆದ ಮಳೆಗಾಲದಲ್ಲಿ ಹದಿನೇಳು ಮಂದಿಯನ್ನು ಸಾಗಿಸಿದರು. ಹದಿನಾರು ಮಂದಿ ಬದುಕಿದರು. ಫೋಟೊ ಸಂಘ ಎಂದಿದ್ದ ಗೆಳೆಯರೊಬ್ಬರು ಈಗ ಆ ಸರದಿಯ ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದಾರೆ.