ಗೀರು ಬಿದ್ದ ಸಿಡಿ ರಿಪ್ ಮಾಡಿದಾಗ ಟಿಕ್ ಟಿಕ್ ಸದ್ದು: ಸಿ2 ಆಫ್ ಮಾಡಿ ನೋಡಿ

ವಿಜಯಪುರದ ನಮ್ಮ ಮನೆಯಲ್ಲಿರುವ ವಚನಗಾಯನದ ಹಳೇ ಸಿಡಿ ಇದು. ಧೂಳಿಗೆ ಗೀರು ಬಿದ್ದಿದೆ. ರಿಪ್ ಮಾಡಿದರೆ (ಅಂದರೆ ಹಾಡುಗಳನ್ನು ಕಂಪ್ಯೂಟರ್‌ಗೆ ಇಳಿಸಿದರೆ) ಕೊನೆಯ ಹಾಡುಗಳಲ್ಲಿ ಟಿಕ್ ಟಿಕ್ ಸದ್ದು, ಆದರೆ ಪ್ರೋಗ್ರಾಂ ಮಾತ್ರ ಎಲ್ಲಾ ಸರಿ ಇದೆ ಎನ್ನುತ್ತಿತ್ತು.

ವೇಗ ಇಳಿಸಿದೆ, ಬರ್ಸ್ಟ್ ಮೋಡ್‌ನಲ್ಲಿ (ಹೋಲಿಸಿ ನೋಡದೆ ವೇಗವಾಗಿ ಓದುವುದು) ಮತ್ತೆ ಮತ್ತೆ ತೆಗೆದೆ, ಟೂತ್‌ಪೇಸ್ಟ್ ಕೂಡ ತಿಕ್ಕಿದೆ (ಅದರಿಂದ ಗೀರು ಜಾಸ್ತಿ ಆಯಿತು ಅಷ್ಟೇ). ಉಪಯೋಗವಾಗಲಿಲ್ಲ.

ಸರಿಹೋಗಿದ್ದು ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ರಿಪ್ ಮಾಡುವ ಪ್ರೋಗ್ರಾಂನಲ್ಲಿ. ಡ್ರೈವ್ ಆಪ್ಷನ್ಸ್‌ಗೆ ಹೋಗಿ ಸೆಕ್ಯೂರ್ ಮೋಡ್ ಆರಿಸಿ. ಅಕ್ಯುರೇಟ್ ಸ್ಟ್ರೀಮ್‌ಗೆ ಟಿಕ್ ಹಾಕಿ, 'ಕ್ಯಾಶಸ್ ಆಡಿಯೋ ಡೇಟಾ'ಗೂ ಹಾಕಿ, ಸಿ2 (ಓದುವಾಗ ಆದ ತಪ್ಪನ್ನು ಡ್ರೈವ್ ತಾನೇ ಹೇಳುವ ವ್ಯವಸ್ಥೆ) ಟಿಕ್ ತೆಗೆಯಿರಿ. ಸಿ2 ಆನ್ ಇದ್ದರೆ ಪ್ರೋಗ್ರಾಂ ಒಂದೇ ಸಲ ಓದಿ ಡ್ರೈವ್ ಹೇಳಿದ್ದನ್ನು ನಂಬುತ್ತದೆ, ಆದರೆ ಎಷ್ಟೋ ಡ್ರೈವ್‌ಗಳು ಎಲ್ಲಾ ತಪ್ಪನ್ನೂ ಹೇಳುವುದಿಲ್ಲ. ಆಫ್ ಮಾಡಿದರೆ ಪ್ರತಿ ಸೆಕ್ಟರ್ (ಡಿಸ್ಕ್‌ನ ಚಿಕ್ಕ ಭಾಗ) ಎರಡು ಸಲ ಓದಿ ಹೋಲಿಸುತ್ತದೆ, ಹೊಂದದಿದ್ದರೆ 16 ಸಲ ಮತ್ತೆ ಓದಿ, 8 ಸಲ ಒಂದೇ ಬಂದರೆ ಒಪ್ಪುತ್ತದೆ. ಕ್ಯಾಶ್ ಟಿಕ್ ಹಾಕದಿದ್ದರೆ ಎರಡನೇ ಓದು ಡಿಸ್ಕ್‌ನಿಂದಲ್ಲ, ಡ್ರೈವ್‌ನ ಮೆಮೊರಿಯಿಂದಲೇ ಬರಬಹುದು. ಆಗ ಹೋಲಿಸಿ ಏನು ಪ್ರಯೋಜನ, ಅಲ್ವಾ?

ಎಕ್ಸ್‌ಟ್ರಾಕ್ಷನ್ ಆಪ್ಷನ್ಸ್‌ನಲ್ಲಿ ಎರರ್ ರಿಕವರಿ ಕ್ವಾಲಿಟಿ 'ಹೈ' ಇಡಿ. ಆಮೇಲೆ 'ಟೆಸ್ಟ್ ಅಂಡ್ ಕಾಪಿ' ಕೊಡಿ, ಟೆಸ್ಟ್ ಮತ್ತು ಕಾಪಿ ಎರಡರ ಸಿಆರ್‌ಸಿ (ಓದಿದ ಡೇಟಾದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಒಂದೇ ಇರಬೇಕು. ತುಂಬಾ ನಿಧಾನ, ಬಿಟ್ಟು ಬೇರೆ ಕೆಲಸ ನೋಡಿಕೊಳ್ಳಿ. ನನಗೆ ಒಂದು ಕಡೆ ಮಾತ್ರ 'ಸಸ್ಪಿಶಿಯಸ್ ಪೊಸಿಷನ್' (ಸರಿಯಾಗಿ ಓದಿದೆಯೋ ಎಂಬ ಅನುಮಾನದ ಜಾಗ) ಬಂತು, ಆ ಹಾಡನ್ನು ಬೇರೆ ಡ್ರೈವ್‌ನಲ್ಲಿ ತೆಗೆದೆ.