ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್‌ಗೆ ಕಂಪನಿಯಿಂದ ಸಹಾಯ ಪಡೆದದ್ದು: ನನ್ನ ಅನುಭವ

ಬೆಂಗಳೂರಿನಿಂದ ರಾತ್ರಿ ಟ್ರೈನಿನಲ್ಲಿ ಶಿವಮೊಗ್ಗಕ್ಕೆ, ಅಲ್ಲಿಂದ ಬೆಳಗಿನ ಬಸ್ಸಿನಲ್ಲಿ ತೀರ್ಥಹಳ್ಳಿಗೆ. 17 ಕೆಜಿ ತೂಕದ ಆಂಪ್ಲಿಫೈಯರನ್ನು ಹಳೇ ಕಂಬಳಿಯಲ್ಲಿ ಸುತ್ತಿ ಹೀಗೆ ಮನೆಗೆ ತಂದೆ. ಅಡಿಕೆ ಮಾರಿದ ದುಡ್ಡಿನಲ್ಲಿ ಎರಡು ವರ್ಷ ಅದಕ್ಕೆಂದೇ ಸ್ವಲ್ಪ ಸ್ವಲ್ಪ ಎತ್ತಿಟ್ಟಿದ್ದೆ. ಇಂಗ್ಲೆಂಡಿನ ಒಂದು ಸಣ್ಣ ಕಂಪನಿಯ ಸೆಟ್ ಅದು. ಹೊಸದನ್ನು ಕೊಳ್ಳುವ ಮಾತೇ ಇರಲಿಲ್ಲ. ಮಾರಿದವರು ಜೊತೆಗೆ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ (ಮನೆಯ ವೋಲ್ಟೇಜ್ ಇಳಿಸಿ ಕೊಡುವ ಪೆಟ್ಟಿಗೆ) ಕೊಟ್ಟು, "ಫಾರಿನ್ ಸೆಟ್, ಇದರ ಮೂಲಕವೇ ಹಾಕಿ" ಎಂದರು. ನಾನು ಬೇರೇನೂ ಕೇಳಲಿಲ್ಲ.

ಯುಗಾದಿ ಕಳೆಯುವ ತನಕ ಚೆನ್ನಾಗಿ ಹಾಡಿತು. ಶಿವಮೊಗ್ಗ ಸುಬ್ಬಣ್ಣನವರ ಭಾವಗೀತೆ ಹಾಕಿದರೆ ಅವರು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿಯಿತು. ಬಲಗಡೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು. ಸ್ಟೆಪ್‌ಡೌನ್ ಮುಟ್ಟಲಾಗದಷ್ಟು ಬಿಸಿ. ಶಿವಮೊಗ್ಗದ ಮೆಕ್ಯಾನಿಕ್ ಹತ್ತಿರ ಒಯ್ದೆ. ಮುಚ್ಚಳ ತೆಗೆದು ನೋಡಿ, "ಸರ್ಕ್ಯೂಟ್ ನಕ್ಷೆ ಇಲ್ಲದೆ ಇದಕ್ಕೆ ಸೋಲ್ಡರಿಂಗ್ ಕಡ್ಡಿ ತಾಗಿಸಲ್ಲ" ಎಂದರು. ಆ ಮಾತಿನಿಂದ ಅವರ ಮೇಲೆ ನಂಬಿಕೆ ಜಾಸ್ತಿಯಾಯಿತು.

ಆ ಕಂಪನಿಯ ಸೆಟ್‌ಗಳನ್ನು ಇಲ್ಲಿ ಮಾರುವ ಡೀಲರ್‌ಗೆ ಫೋನ್ ಮಾಡಿದೆ. "ನಮ್ಮಲ್ಲಿ ಕೊಂಡದ್ದಲ್ಲ, ನಾವು ನೋಡಲ್ಲ" ಎಂದರು. ಬಹಳ ಜನ ಇಲ್ಲಿಗೇ ಕೈಚೆಲ್ಲುತ್ತಾರೆ. ವಾರಂಟಿ ಇಲ್ಲ ಅಂದರೆ ಕಂಪನಿಯೂ ಇಲ್ಲ ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ವಾರಂಟಿ ಅಂದರೆ ಪುಕ್ಕಟೆ ರಿಪೇರಿಯ ಮಾತು. ಅದು ಸಾಮಾನ್ಯವಾಗಿ ಮೊದಲ ಮಾಲೀಕರಿಗೆ ಮಾತ್ರ, ಅದೂ ಕೆಲವೇ ವರ್ಷ. ಮಾಹಿತಿ, ಬಿಡಿಭಾಗ, ದುಡ್ಡು ಕೊಟ್ಟು ಮಾಡಿಸುವ ರಿಪೇರಿ, ಇವು ಬೇರೆ. ಹಳೇ ಸೆಟ್ ಇನ್ನೂ ಹಾಡುತ್ತಿದೆ ಅಂದರೆ ಅದು ಕಂಪನಿಗೂ ಹೆಸರೇ ಅಲ್ವಾ? ಸ್ಕಾಟ್ಲೆಂಡಿನ ಲಿನ್ ಕಂಪನಿ 1970ರ ದಶಕದ ತನ್ನ ಸೊಂಡೆಕ್ ಎಲ್‌ಪಿ12 ಟರ್ನ್‌ಟೇಬಲ್‌ಗೆ (ರೆಕಾರ್ಡ್ ತಟ್ಟೆ ತಿರುಗಿಸುವ ಪ್ಲೇಯರ್) ಹೊಸ ಭಾಗಗಳನ್ನು ಹೊಂದಿಸುವ ದಾರಿಯನ್ನು ಇವತ್ತಿಗೂ ತೆರೆದಿಟ್ಟಿದೆ. ಎಷ್ಟನೇ ಕೈ ಸೇರಿದ ಟರ್ನ್‌ಟೇಬಲ್ ಆದರೂ ಸರಿ.

ನನ್ನ ಸೆಟ್ ಮಾಡಿದ ಕಂಪನಿಗೆ ನೇರವಾಗಿ ಇಮೇಲ್ ಬರೆದೆ. "ಸದ್ದು ಸರಿಯಿಲ್ಲ, ದಯವಿಟ್ಟು ಸಹಾಯ ಮಾಡಿ" ಎಂದು ನಾಲ್ಕು ಸಾಲು. ಎರಡು ವಾರ ಉತ್ತರ ಬರಲಿಲ್ಲ. ಆಮೇಲೆ ಯೋಚಿಸಿದೆ. ತೋಟಕ್ಕೆ ರೋಗ ಬಂದಾಗ ಸುಮ್ನೆ "ಮರ ಸೊರಗಿದೆ" ಅಂದರೆ ಯಾರು ತಾನೇ ಔಷಧಿ ಹೇಳುತ್ತಾರೆ? ಯಾವ ಮರ, ಎಲ್ಲಿ ಕಲೆ, ಯಾವಾಗಿನಿಂದ, ಎಲ್ಲ ಹೇಳಬೇಕು. ಸೆಟ್‌ಗೂ ಹಾಗೇ ಬರೆಯಬೇಕಿತ್ತು.

ಮೂರು ದಿನ ಬೆಳಿಗ್ಗೆ, ಸಂಜೆ, ರಾತ್ರಿ ಮನೆಯ ವೋಲ್ಟೇಜ್ ಅಳೆದೆ. 185ರಿಂದ 245ರವರೆಗೆ ಓಡಾಡುತ್ತಿತ್ತು. ಇನ್‌ಪುಟ್ ವೈರುಗಳನ್ನೆಲ್ಲ ಕಿತ್ತು, ವಾಲ್ಯೂಮ್ ಪೂರ್ತಿ ಇಳಿಸಿದೆ. ಆಗಲೂ ಗುಂಯ್ ಸದ್ದು ಇತ್ತು. ಅಂದರೆ ತೊಂದರೆ ಹೊರಗಿನಿಂದ ಬರುತ್ತಿಲ್ಲ, ಒಳಗೇ ಇದೆ. ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ, ಅಂದರೆ ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕಾದ ಒಂದೇ ದಿಕ್ಕಿನ ವೋಲ್ಟೇಜ್, ಎಷ್ಟಿದೆ ಎಂದು ಮಲ್ಟಿಮೀಟರಿನಲ್ಲಿ ನೋಡಿದೆ. ಎಡಗಡೆ 8 ಮಿಲಿವೋಲ್ಟ್, ಬಲಗಡೆ 64. ಇದೆಲ್ಲ ಬರೆದೆ. ಹಿಂಬದಿಯ ಸೀರಿಯಲ್ ನಂಬರಿನ ಫೋಟೋ, ಒಳಗಿನ ಬೋರ್ಡಿನ ಫೋಟೋ ಸೇರಿಸಿದೆ. ನಾನು ಸೆಕೆಂಡ್ ಹ್ಯಾಂಡ್ ಕೊಂಡವನು, ಮುಚ್ಚಳದ ಒಂದು ಸ್ಕ್ರೂ ಇಲ್ಲ, ಹಿಂದೆ ಯಾರೋ ಬಿಚ್ಚಿದ್ದಾರೆ ಎಂಬುದನ್ನೂ ಮುಚ್ಚಿಡಲಿಲ್ಲ. ಇದು ಮುಖ್ಯ. ಸೆಟ್‌ಗೆ ಏನೇನು ಆಗಿದೆ ಎಂದು ಗೊತ್ತಿಲ್ಲದೆ ಅವರೂ ಏನು ಹೇಳಿಯಾರು?

ಎರಡನೇ ದಿನ ಉತ್ತರ ಬಂತು, ಸರ್ವಿಸ್ ವಿಭಾಗದಿಂದಲೇ. ಆ ಸೀರಿಯಲ್ ನಂಬರಿನ ಸೆಟ್ 1997ರಲ್ಲಿ ಅಮೆರಿಕಕ್ಕೆ ಹೋಗಿತ್ತಂತೆ. ಅಲ್ಲಿ 120 ವೋಲ್ಟ್. ಆದರೆ ಒಳಗಿನ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ, ಅಂದರೆ ಮನೆಯ ಕರೆಂಟ್ ಬರುವ ಕಡೆ, ಎರಡು ಸುರುಳಿಗಳಿವೆ. ಅಮೆರಿಕಕ್ಕೆ ಅವನ್ನು ಪ್ಯಾರಲಲ್ ಆಗಿ, ಪಕ್ಕಪಕ್ಕದಲ್ಲಿ ಜೋಡಿಸುತ್ತಾರೆ. ಸೀರೀಸ್ ಮಾಡಿದರೆ, ಅಂದರೆ ಒಂದರ ತುದಿಗೆ ಇನ್ನೊಂದನ್ನು ಸೇರಿಸಿದರೆ, ಅದೇ ಟ್ರಾನ್ಸ್‌ಫಾರ್ಮರ್ ನಮ್ಮ 230 ವೋಲ್ಟ್‌ಗೆ ಆಗುತ್ತದೆ. ವೋಲ್ಟೇಜ್ ಎರಡರಷ್ಟಾದರೆ ಕರೆಂಟ್ ಅರ್ಧ. ಹಾಗಾಗಿ 5 ಆಂಪಿಯರಿನ ಸ್ಲೋ ಫ್ಯೂಸ್ (ಕ್ಷಣದ ಏರಿಕೆಗೆ ಹೋಗದ ಫ್ಯೂಸ್) ತೆಗೆದು 2.5ರದ್ದು ಹಾಕಬೇಕು. ಸ್ಟೆಪ್‌ಡೌನ್ ಬೇಕಾಗೇ ಇರಲಿಲ್ಲ! ಓದಿ ಮುಗಿಸಿದಾಗ ನಿಜಕ್ಕೂ ಕಣ್ಣು ತುಂಬಿ ಬಂತು. 25 ವರ್ಷಕ್ಕಿಂತ ಹಳೇ ಸೆಟ್‌ನ ಪುಟ ಹುಡುಕಿ, ದೂರದ ಯಾರಿಗೋ ಕೂತು ಬರೆದಿದ್ದರು.

ಗುಂಯ್ ಸದ್ದಿಗೆ ಕಾರಣ ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್‌ಗಳು, ಅಂದರೆ ಚಾರ್ಜ್ ಕೂಡಿಟ್ಟು ಕರೆಂಟ್ ಸಮ ಮಾಡುವ ಡಬ್ಬಿಗಳು ಎಂದರು. ಒಳಗಿನ ದ್ರವ ವರ್ಷಗಳಲ್ಲಿ ಒಣಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಸುಮಾರು ಅರ್ಧ ಆಗುತ್ತದೆ. ಪೂರ್ತಿ ಸರ್ಕ್ಯೂಟನ್ನು ನನಗೆ ಕೊಡಲು ಒಪ್ಪಲಿಲ್ಲ. ಮೆಕ್ಯಾನಿಕ್ ತಮ್ಮ ಅಂಗಡಿಯ ಲೆಟರ್‌ಹೆಡ್‌ನಲ್ಲಿ ಕೇಳಿದಾಗ ಬೇಕಾದ ಪುಟಗಳನ್ನು ಅವರಿಗೆ ಕಳಿಸಿದರು. ಗೊತ್ತಿಲ್ಲದವರು 230 ವೋಲ್ಟ್‌ನಲ್ಲಿ ಕೈಯಾಡಿಸಬಾರದು, ಇದು ಸರಿಯಾದ ನಿಯಮ. ಕೆಪಾಸಿಟರ್‌ಗಳನ್ನು ಕಂಪನಿಯಿಂದಲೇ ತರಿಸಿದೆ. ಕಸ್ಟಮ್ಸ್ ಸುಂಕ ಕಟ್ಟಿದೆ, ಆ ಖರ್ಚನ್ನು ಮೊದಲೇ ಲೆಕ್ಕ ಹಾಕಿಡಿ. ಸ್ಪೀಕರಿಗೆ ಕರೆಂಟ್ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಕೆಟ್ಟಿಲ್ಲದಿದ್ದರೆ ಮುಟ್ಟಲೇಬೇಡಿ ಎಂದು ಎರಡು ಸಲ ಬರೆದಿದ್ದರು. ಅವುಗಳ ನಕಲಿ ಮಾಲು ಮಾರುಕಟ್ಟೆಯಲ್ಲಿ ತುಂಬಾ ಇದೆ. ಮೇಲಿನ ಅಕ್ಷರ ಒಂದೇ, ಒಳಗಿನ ಚಿಪ್ ಸಣ್ಣದು. ಜೋರಾಗಿ ಹಾಡಿಸಿದ ದಿನ ಸುಟ್ಟುಹೋಗುತ್ತದೆ.

ಕೆಲಸದ ದಿನ ನಾನೂ ಅಂಗಡಿಯಲ್ಲಿ ಕೂತಿದ್ದೆ. ಮೊದಲು ಹಳೇ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಇಟ್ಟು ಖಾಲಿ ಮಾಡಿದರು. ಪ್ಲಗ್ ಕಿತ್ತ ಮೇಲೂ ಅವು ಹೊಡೆಯುವಷ್ಟು ಚಾರ್ಜ್ ಹಿಡಿದಿರುತ್ತವೆ. ಸುರುಳಿಗಳನ್ನು ಸೀರೀಸ್ ಮಾಡಿ, 100 ವಾಟಿನ ಹಳೇ ಬಲ್ಬಿನ ಮೂಲಕ ಕರೆಂಟ್ ಕೊಟ್ಟರು. ಇದೇ ಸೀರೀಸ್ ಲ್ಯಾಂಪ್. ಸುರುಳಿಯ ತುದಿಗಳು ಅದಲುಬದಲಾಗಿದ್ದರೆ ಬಲ್ಬ್ ಪೂರ್ತಿ ಉರಿದು ನಿಲ್ಲುತ್ತದೆ, ಸೆಟ್ ಉಳಿಯುತ್ತದೆ. ಬಲ್ಬ್ ಒಮ್ಮೆ ಭಗ್ಗನೆ ಹೊತ್ತಿತು. ನಿಧಾನ ಮಂಕಾಯಿತು. ಇಬ್ಬರೂ ಉಸಿರು ಬಿಟ್ಟೆವು. ಒಂದು ಗಂಟೆ ಬಿಸಿಯಾಗಲು ಬಿಟ್ಟು, ಕಂಪನಿ ಹೇಳಿದ ಮಿಲಿವೋಲ್ಟ್‌ಗೆ ಎರಡೂ ಕಡೆ ಬಯಾಸ್ (ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯುವ ಸಣ್ಣ ಕರೆಂಟ್) ಕೂರಿಸಿದರು. ಸದ್ದು ಹೋಗಿತ್ತು. ಬಲಗಡೆಯ ಡಿಸಿ 11ಕ್ಕೆ ಇಳಿದಿತ್ತು.

ಮಲೆನಾಡಿನಲ್ಲಿ ಬಿಸಿಗಿಂತ ತೇವದ ಕಾಟ ಜಾಸ್ತಿ. ಸಾಕೆಟ್‌ಗಳಿಗೆ ಹಸಿರು ಹಿಡಿಯುತ್ತದೆ, ಸ್ಪೀಕರನ್ನು ಸೇರಿಸುವ ಸ್ವಿಚ್ಚಿನ, ಅಂದರೆ ರಿಲೇಯ, ಕಾಂಟ್ಯಾಕ್ಟ್ ಕಪ್ಪಾಗಿ ಒಂದು ಕಡೆ ಸದ್ದು ಹೋಗಿ ಬಂದು ಮಾಡುತ್ತದೆ. ಜಡಿಮಳೆಯ ದಿನಗಳಲ್ಲಿ ದಿನಕ್ಕೊಂದು ಗಂಟೆ ಸೆಟ್ ಹಾಕಿಡುತ್ತೇನೆ. ಒಳಗಿನ ಬಿಸಿಗೇ ಅದು ಆರುತ್ತದೆ. ಸಿಡಿಲು ಗುಡುಗಿದರೆ ಮಾತ್ರ ಪ್ಲಗ್ ಕಿತ್ತಿಡುತ್ತೇನೆ.

ಈಗ ಯಾರು ಸೆಕೆಂಡ್ ಹ್ಯಾಂಡ್ ಸೆಟ್ ಕೊಳ್ಳುತ್ತೇನೆ ಎಂದರೂ, ದುಡ್ಡು ಕೊಡುವ ಮೊದಲು ಸೀರಿಯಲ್ ನಂಬರ್ ತೆಗೆದುಕೊಂಡು ಕಂಪನಿಗೆ ಬರೆಯಿರಿ ಎನ್ನುತ್ತೇನೆ. ಯಾವ ದೇಶಕ್ಕೆ ಮಾಡಿದ್ದು, ಬಿಡಿಭಾಗ ಇನ್ನೂ ಸಿಗುತ್ತದೆಯೇ, ಎರಡೇ ಪ್ರಶ್ನೆ. ಸಾಗರದ ಗೆಳೆಯರೊಬ್ಬರು ದುಬಾರಿ ಸಿಡಿ ಪ್ಲೇಯರ್ ನೋಡಿದ್ದರು. ಅದರ ಲೇಸರ್ ಈಗ ಯಾರೂ ತಯಾರಿಸುವುದಿಲ್ಲ ಎಂದು ಕಂಪನಿಯೇ ನೇರವಾಗಿ ಬರೆಯಿತು. ಅವರು ಕೊಳ್ಳಲಿಲ್ಲ. ಸಾಧಾರಣ ಬಿಡಿಭಾಗಗಳ ಆಂಪ್ಲಿಫೈಯರನ್ನು ಎಷ್ಟು ಹಳೆಯದಾದರೂ ಎಬ್ಬಿಸಬಹುದು. ಲೇಸರ್, ಡಿಸ್‌ಪ್ಲೇ, ಕಂಪನಿಯದೇ ಚಿಪ್ ಇರುವ ಸೆಟ್‌ನಲ್ಲಿ ಆ ಧೈರ್ಯ ಇಲ್ಲ.

ರಿಪೇರಿ ಮುಗಿದ ಫೋಟೋಗಳನ್ನು ಕಂಪನಿಗೆ ಕಳಿಸಿದೆ. ನಿಮ್ಮ ಸೀರಿಯಲ್ ನಂಬರಿನ ಮುಂದೆ 230 ವೋಲ್ಟ್, ಭಾರತ ಎಂದು ಬರೆದುಕೊಂಡಿದ್ದೇವೆ ಎಂದು ಉತ್ತರ ಬಂತು. ಅದೇ ಮಾತು, ಫ್ಯೂಸಿನ ಅಳತೆ, ಕೆಲಸ ಮಾಡಿದ ತಾರೀಕು ಬರೆದ ಒಂದು ಚೀಟಿಯನ್ನು ಸೆಟ್ಟಿನ ಹಿಂಬದಿಗೆ ಅಂಟಿಸಿದ್ದೇನೆ.